ತಿಂಡಿ ತಿಂದು ಹೊರಟರೆ ಊಟಕ್ಕೆ

ನಮ್ಮ ಅತ್ತಿಗೆಗೆ ಕೈ ಸುಮ್ಮನಿಟ್ಟು ಕೂತು ಗೊತ್ತೇ ಇಲ್ಲ. ಬೀದಿಯ ತಿರುವಿನಲ್ಲಿ ಅವಳ ಹೊಲಿಗೆ ಅಂಗಡಿ. ಊಟದ ತಟ್ಟೆ ಕೂಡ ಮೆಷಿನ್ ಪಕ್ಕದಲ್ಲೇ. ಮಗಳು ದೂರದ ನಗರದಲ್ಲಿ ನರ್ಸ್ ಆಗಿ ಸೇರಿ ಮೂರು ವರ್ಷವಾಗಿತ್ತು. "ಒಂದ್ಸಲ ಬಂದು ನನ್ನ ರೂಮ್ ನೋಡಮ್ಮ. ವಿಮಾನದಲ್ಲಿ ಬಂದ್ರೆ, ತಿಂಡಿ ತಿಂದು ಹೊರಟವಳು ಊಟಕ್ಕೆ ಇಲ್ಲಿರ್ತೀಯ" ಎಂದು ಫೋನಿನಲ್ಲಿ ಗೋಗರೆಯುತ್ತಿದ್ದಳು. "ಏಳುನೂರು ಕಿಲೋಮೀಟರ್ ಕಣೇ, ನನಗೆಲ್ಲಿ ಪುರುಸೊತ್ತು" ಎಂದು ಇವಳು ಮೆಷಿನ್ ತುಳಿಯುತ್ತಲೇ ಫೋನ್ ಇಡುತ್ತಿದ್ದಳು. ಪಕ್ಕದಲ್ಲಿ ಗುಂಡಿ ಹಾಕುತ್ತ ಕೂತ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೊನೆಗೆ ಆ ಹುಡುಗಿಗೆ ಅಲ್ಲೇ ಮದುವೆ ಗೊತ್ತಾಯಿತು. ಮದುವೆಗೆ ತೊಡುವ ಗೌನ್ ಅಮ್ಮನೇ ಹೊಲಿಯಬೇಕು, ಎರಡು ದಿನ ಮುಂಚೆ ಬಂದು ತನ್ನ ಜೊತೆಗಿರಬೇಕು ಎಂದಳು. ಅತ್ತಿಗೆ ಆ ಎರಡು ದಿನವನ್ನೂ ಅಂಗಡಿಯಲ್ಲೇ ಕೂತು ಗೌನಿಗೇ ಸುರಿದಳು. ತೋಳು ಬಿಚ್ಚಿದಳು, ಮತ್ತೆ ಹಾಕಿದಳು. ಮದುವೆ ಸಂಜೆಗೆ; ಆ ದಿನ ಬೆಳಗ್ಗೆಯೂ ಕೆಳಗಿನ ಅಂಚು ಮಡಿಸಿ ಹೊಲಿಯದೆ ಹಾಗೇ ಇತ್ತು.

"ವಿಮಾನ ಒಂದೂಕಾಲು ಗಂಟೆ ತಾನೇ? ಕೂತಲ್ಲೇ ಹೆಮ್ಮಿಂಗ್ ಮುಗಿಸ್ತೀನಿ" ಎಂದಳು. ನಾವಿಬ್ಬರೂ ವಿಮಾನ ಹತ್ತಿದವರೇ ಅಲ್ಲ. ನಾನೂ ಹೂಂ ಎಂದೆ.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಕತ್ತರಿ ಹೋಯಿತು, ಸೂಜಿಡಬ್ಬಿಯೂ ಹೋಯಿತು. "ಬಟ್ಟೆ ಹೊಲಿಯೋಕಪ್ಪಾ. ಯಾರಿಗೆ ಚುಚ್ಚಲಿ ನಾನು?"

"ಯಾರಿಗೋ ಏನೋ, ಅಲ್ಲಿಡಿ ಅಮ್ಮ" ಎಂದ ಕಾವಲಿನವನು.

ಸೀಟಿನಲ್ಲಿ ಗೌನನ್ನು ಮಡಿಲಲ್ಲಿಟ್ಟುಕೊಂಡು ಚಡಪಡಿಸಿದಳು. ಅಂಚನ್ನು ಬೆರಳಲ್ಲೇ ಮಡಿಸಿದಳು, ಬಿಟ್ಟಳು, ಮತ್ತೆ ಮಡಿಸಿದಳು. ಬೆಲ್ಟ್ ಬಿಚ್ಚಿದರೆ ಗಗನಸಖಿ ಬಂದು ಹಾಕಿಸುತ್ತಿದ್ದಳು. ಮೋಡ ನೋಡು ಎಂದರೆ ನನ್ನನ್ನೇ ದುರುಗುಟ್ಟಿ ನೋಡಿದಳು. ಟಿಕೆಟ್ಟಿನಲ್ಲಿದ್ದ ಒಂದೂಕಾಲು ಗಂಟೆಯಲ್ಲಿ ಒಂದು ಪಾಲು ವಿಮಾನ ನೆಲದ ಮೇಲೆ ಉರುಳುವುದರಲ್ಲೇ ಕಳೆದಿತ್ತು, ಹಾರಿದ್ದು ಸ್ವಲ್ಪವೇ. ಅಷ್ಟರಲ್ಲಿ ವಿಮಾನ ಇಳಿಯತೊಡಗಿತು.

"ಯಾಕೆ ಇಳೀತಿದೆ? ಏನಾಯ್ತು?" ಅತ್ತಿಗೆ ನನ್ನ ತೋಳು ಹಿಡಿದಳು.

"ಊರು ಬಂತು ಅತ್ತಿಗೆ."

"ಇಷ್ಟೇನಾ?"

ಮೂರು ವರ್ಷದ ಸಿಟ್ಟನ್ನು ಇವತ್ತು ಕಾರಿಬಿಡಬೇಕು ಎಂದುಕೊಂಡೇ ಬಂದಿದ್ದೆ. ಆ ಮುಖ ನೋಡಿ ಪಾಪ ಅನಿಸಿತು, ಬಾಯಿ ಮುಚ್ಚಿಕೊಂಡೆ.

ಊಟದ ಹೊತ್ತಿಗೆ ಸರಿಯಾಗಿ ಮಗಳ ಬಾಗಿಲಲ್ಲಿದ್ದೆವು. ಅತ್ತಿಗೆ ಚಪ್ಪಲಿ ಬಿಟ್ಟವಳೇ ಮಗಳಿಗೆ ಗೌನ್ ತೊಡಿಸಿದಳು. ಪಕ್ಕದ ಮನೆಯಿಂದ ಸೂಜಿ, ಗುಂಡುಸೂಜಿ ತರಿಸಿಕೊಂಡು, ನಾಲ್ಕನ್ನು ಬಾಯಲ್ಲಿ ಕಚ್ಚಿ ನೆಲದ ಮೇಲೆ ಕೂತು ಅಂಚು ಹಿಡಿದಳು. ಒಂದು ಚುಚ್ಚಿದವಳು ಅಲ್ಲಿಗೇ ನಿಲ್ಲಿಸಿ, ಉಳಿದವನ್ನು ಅಂಗೈಗೆ ತೆಗೆದುಕೊಂಡಳು.

"ಇದಿರಲಿ. ಮೊದಲು ನಿನ್ನ ರೂಮ್ ತೋರಿಸು."

"ಇದೇ ಅಮ್ಮ" ಎಂದಳು ಹುಡುಗಿ. ಸುತ್ತ ಹಗ್ಗ ಬಿಗಿದ ಪೆಟ್ಟಿಗೆಗಳು, ಸುತ್ತಿಟ್ಟ ಹಾಸಿಗೆ, ಖಾಲಿ ಕಪಾಟು. "ಮದುವೆಗೆ ಹೊರಡುವಾಗ ಬೀಗದ ಕೈ ವಾಪಸ್ ಕೊಡಬೇಕು. ನೀನು ನೋಡಲಿ ಅಂತ ನಿನ್ನೆವರೆಗೂ ಎಲ್ಲಾ ಹಾಗೇ ಇಟ್ಟಿದ್ದೆ."

ಗೋಡೆಯಲ್ಲಿ ಮೊಳೆಗಳಷ್ಟೇ ಉಳಿದಿದ್ದವು. ಅತ್ತಿಗೆ ಒಂದೊಂದನ್ನೇ ತೋರಿಸಿ, ಅಲ್ಲಿ ಏನಿತ್ತು ಎಂದು ಕೇಳತೊಡಗಿದಳು.