ವಾಸು ಭಾವನ ಬೋಟಿನ ಟಾಂಕಿ

ಮೊನ್ನೆ ಬೆಳಿಗ್ಗೆ ಸೊಸೆ ಹಾಲಿನ ಪಾತ್ರೆ ತಂದು ನನ್ನ ಮೂಗಿನ ಕೆಳಗೆ ಹಿಡಿದಳು. "ಮಾವ, ಕೆಟ್ಟಿದೆಯಾ ನೋಡಿ." ನಮ್ಮಲ್ಲಿ ಹಾಲು 'ನೋಡುವುದು' ಮೂಗಿನಿಂದ. ನೋಡಿದೆ. "ವಾಸನೆ ಏನೂ ಇಲ್ಲಮ್ಮ" ಎಂದೆ. ಅವಳು ಒಲೆಯ ಮೇಲಿಟ್ಟಳು, ಹಾಲು ಒಡೆಯಿತು. ಅವಳೇನೋ ನಕ್ಕಳು, ನನಗೆ ನಗು ಬರಲಿಲ್ಲ. ಹಾಲು ಒಡೆದದ್ದಕ್ಕೆಲ್ಲ ಮುಖ ಊದಿಸಿಕೊಳ್ಳುವ ಮುದುಕ ಎಂದು ತಿಳಿಯಬೇಡಿ. ಊದಿಸಿಕೊಳ್ಳುತ್ತೇನೆ, ಅದು ಬೇರೆ ಮಾತು. ಆದರೆ 'ವಾಸನೆ ಇಲ್ಲ' ಎಂಬ ಒಂದು ಮಾತಿನ ಮೇಲೆ ಒಬ್ಬ ಮನುಷ್ಯ ಸತ್ತದ್ದು ನನಗೆ ಗೊತ್ತು. ಸತ್ತದ್ದೂ ಅವನೇ, ತಪ್ಪು ಹೊತ್ತದ್ದೂ ಅವನೇ. ಹೊರಿಸಿದವರು ನನ್ನ ಸ್ವಂತ ಅಕ್ಕನ ಗಂಡ.

ವಾಸು ಭಾವನದು ಕೋಪರಖೈರಣೆಯಲ್ಲಿ ಹೋಟೆಲು. ಉಡುಪಿ ಕಡೆಯ ನಮ್ಮವರ ಎಲ್ಲ ಹೋಟೆಲುಗಳಂತೆ ಅದಕ್ಕೂ 'ಶುದ್ಧ ಶಾಕಾಹಾರಿ' ಎಂದು ದೊಡ್ಡ ಬೋರ್ಡು. ಭಾವನ ಮೂಗಿಗೆ ಆ ಬೋರ್ಡಿಗಿಂತ ಹೆಚ್ಚು ಹೆಸರಿತ್ತು. ಗೋಣಿಯೊಳಗಿನ ಒಂದು ಕೊಳೆತ ತೆಂಗಿನಕಾಯಿಯನ್ನು ಬಾಗಿಲಲ್ಲೇ ನಿಂತು ಹಿಡಿಯುತ್ತಿದ್ದರು. ಹಿಟ್ಟು ಹುಳಿ ಬಂದದ್ದು ಅಡುಗೆಭಟ್ಟರಿಗೆ ತಿಳಿಯುವ ಮೊದಲೇ ಗಲ್ಲಾದಲ್ಲಿ ಕುಳಿತ ಅವರಿಗೆ ತಿಳಿಯುತ್ತಿತ್ತು. ಅಲ್ಲಿ ಪಾತ್ರೆ ತೊಳೆಯುವುದಕ್ಕೆ ಒಂದೇ ಕಾನೂನು. ಕುದಿಯುವ ಸೋಡಾ ನೀರು, ಹುಣಸೆಹುಳಿ, ಮತ್ತೆ ಬಿಸಿನೀರು. ಕೊನೆಗೆ ಭಾವ ಬಂದು ಪಾತ್ರೆಯೊಳಗೆ ತಲೆ ಹಾಕಿ ಮೂಸಬೇಕು. ವಾಸನೆ ಇಲ್ಲವೆಂದರೆ ಪಾತ್ರೆ ಚೊಕ್ಕ, ಮೇಲ್ಮನವಿ ಇಲ್ಲ. ನನ್ನನ್ನೂ ಒಮ್ಮೆ ಮೂಸಿ, "ಎಂತ ಮಾರಾಯಾ, ಬೀಡಿ ಶುರು ಮಾಡಿದ್ಯಾ?" ಎಂದು ಅಕ್ಕನ ಎದುರಿಗೇ ಮಾನ ಕಳೆದಿದ್ದರು.

ಈ ಶುದ್ಧ ಶಾಕಾಹಾರಿ ಮನುಷ್ಯನಿಗೆ ಗಾಳದ ಹುಚ್ಚು. ಕರಾವಳಿಯಲ್ಲಿ ಹುಟ್ಟಿದವನು ಎಷ್ಟು ಇಡ್ಲಿ ಮಾರಿದರೇನು, ನೀರು ಕಂಡರೆ ಕೈ ತುರಿಸುತ್ತದೆ. ಬೇಲಾಪುರದಲ್ಲಿ ನಿವೃತ್ತ ಹಡಗು ಅಧಿಕಾರಿಯೊಬ್ಬರು ಮಾರಲು ಇಟ್ಟಿದ್ದ ಸಣ್ಣದೊಂದು ಮರದ ಬೋಟನ್ನು ಕೊಂಡು ವಾಶಿಯಲ್ಲಿ ಸಮುದ್ರದ ಹಿನ್ನೀರಿನ ಖಾಡಿಯ ದಡದಲ್ಲಿ ಕಟ್ಟಿಸಿದ್ದರು. ಸೋಮವಾರ ಮಧ್ಯಾಹ್ನ ಗಿರಾಕಿ ಕಡಿಮೆ, ಆಗ ನಾವಿಬ್ಬರು ಖಾಡಿಗೆ. ನಾನು ಆಫೀಸಿಗೆ ಹೊಟ್ಟೆನೋವು ಹೇಳಿ ಹೋಗುತ್ತಿದ್ದೆ. ಬೋಟಿನಲ್ಲಿ ನಿಜವಾಗಿಯೂ ಹೊಟ್ಟೆ ತೊಳಸಿ ವಾಂತಿಯಾಗುತ್ತಿತ್ತು, ಹಾಗಾಗಿ ಅದು ಪೂರ್ತಿ ಸುಳ್ಳಲ್ಲ. ಕಾರ್ಖಾನೆಗಳ ನೀರು ಕುಡಿದ ಆ ಖಾಡಿಯಲ್ಲಿ ಸಿಕ್ಕ ಮೀನಿನಲ್ಲಿ ಅರ್ಧಕ್ಕೆ ಸೀಮೆಎಣ್ಣೆಯ ವಾಸನೆ. ಭಾವ ಒಂದೊಂದನ್ನೇ ಮೂಸಿ ವಾಪಸು ನೀರಿಗೆ ಎಸೆಯುತ್ತಿದ್ದರು. ಉಳಿದದ್ದು ಬಸ್ಸಿನಲ್ಲಿ ಠಾಣೆ ಶಹರಕ್ಕೆ, ಅಲ್ಲಿಂದ ಲೋಕಲ್‌ನಲ್ಲಿ ಡೊಂಬಿವಲಿಯ ನಮ್ಮ ಮನೆಗೆ. ಹೋಟೆಲಿನ ಮೇಲೆಯೇ ಮನೆಯಿದ್ದದ್ದರಿಂದ ಅಕ್ಕನ ಒಲೆಗೆ ಮೀನು ನಿಷೇಧ. ಯಜಮಾನನ ಮನೆಯಿಂದ ಮೀನಿನ ವಾಸನೆ ಬಂದರೆ ಕೆಳಗೆ ಕುಳಿತ ಗುಜರಾತಿ ಗಿರಾಕಿ ಎದ್ದು ಹೋದಾನು. ಭಾವ ನಮ್ಮ ಮನೆಯಲ್ಲಿ ಉಂಡು, ಸಾಬೂನು ಹಾಕಿ ಕೈ ತೊಳೆದು, ಬೆರಳು ಮೂಸಿ ನೋಡಿಕೊಂಡು ಹೊರಡುತ್ತಿದ್ದರು. ಅವರು ಅಷ್ಟು ಹಗುರಾಗಿ ನಗುತ್ತಿದ್ದದ್ದು ಆ ಸೋಮವಾರಗಳಲ್ಲಿ ಮಾತ್ರ.

ಬೋಟಿನದು ಪೆಟ್ರೋಲ್ ಎಂಜಿನ್. ಮುಂಭಾಗದ ಹಲಗೆಯ ಅಡಿಯಲ್ಲಿದ್ದ ಕಬ್ಬಿಣದ ಟಾಂಕಿ ಉಪ್ಪುನೀರಿಗೆ ತುಕ್ಕು ಹಿಡಿದು, ಆ ವರ್ಷ ಮಳೆಗಾಲ ಮುಗಿಯುವಾಗ ಸೋರತೊಡಗಿತ್ತು. ಹಲಗೆ ಕಿತ್ತು ತೆಗೆಸಿದರು. ಹೊಸದನ್ನು ಮಾಡಿಕೊಡಲು ಒಪ್ಪಿದವನು ಶರಣಪ್ಪ. ಕಲಬುರಗಿ ಕಡೆಯವನು, ರಬಾಳೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ವೆಲ್ಡಿಂಗ್ ಮಾಡುತ್ತಿದ್ದ. ಭಾವನ ಹೋಟೆಲಿನ ಮೇಜು, ಪಾತ್ರೆ ತೊಳೆಯುವ ಮೋರಿ, ದೋಸೆಯ ಕಾವಲಿಗಳೆಲ್ಲ ಅವನ ಕೈಯವೇ. ಮಾತು ಜೋರು, ನಗು ಇನ್ನೂ ಜೋರು. "ಅಣ್ಣಾರ, ನಿಮ್ಮ ಸಾಂಬಾರ್ ಹಂಡೇನೂ ನಾನೇ ಮಾಡೀನಿ, ನಿಮ್ಮ ಹಡಗೂ ನಾನೇ ಮಾಡ್ತೀನ್ ತಗೋರಿ" ಎಂದಿದ್ದ.

ಹೊಸ ಸ್ಟೀಲ್ ಟಾಂಕಿ ಚೆನ್ನಾಗಿಯೇ ಬಂತು. ಹಳೆಯದರ ಬಾಯಿಗಿದ್ದ ಹಿತ್ತಾಳೆಯ ಕತ್ತು ಮಾತ್ರ ಎಲ್ಲೂ ಸಿಗುವ ಮಾಲಲ್ಲ, ಎಂಜಿನ್ನಿನ ಪೈಪು ಕೂರುವುದು ಅದಕ್ಕೇ. ಅದನ್ನು ಗ್ಯಾಸ್ ಕಟರಿನಿಂದ ಕತ್ತರಿಸಿ ತೆಗೆದು ಹೊಸದಕ್ಕೆ ಕೂರಿಸಬೇಕು. ಪೆಟ್ರೋಲಿನ ಟಾಂಕಿಗೆ ಬೆಂಕಿ ತಾಗಿಸಬಾರದೆಂದು ಭಾವನಿಗೂ ಗೊತ್ತಿತ್ತು, ಅಷ್ಟು ದಡ್ಡರಲ್ಲ ಅವರು. ಹಾಗಾಗಿ ಅದನ್ನು ಹೋಟೆಲಿನ ಹಿಂದಿನ ಮೋರಿಗೆ ತರಿಸಿದರು. ಕುದಿಯುವ ಸೋಡಾ ನೀರು, ಹುಣಸೆಹುಳಿ, ಮತ್ತೆ ಬಿಸಿನೀರು. ಬಿಸಿಲಿನಲ್ಲಿ ಒಣಗಿಸಿ ತಾವೇ ಬಾಯಿಗೆ ಮೂಗು ಇಟ್ಟು ಮೂಸಿದರು. ಸಾಂಬಾರಿನ ಹಂಡೆಗೆ ಯಾವ ಪರೀಕ್ಷೆಯೋ ಇದಕ್ಕೂ ಅದೇ.

ಮರುದಿನ ಶೆಡ್ಡಿನಲ್ಲಿ ಕಟರ್ ತಾಗಿಸಿದ ಕೂಡಲೇ ಟಾಂಕಿ ಸಿಡಿಯಿತು. ಶರಣಪ್ಪ ಅಲ್ಲೇ ಹೋದ. ಭಾವ ರಸ್ತೆಯಾಚೆ ಚಹಾದ ಗಾಡಿಯ ಹತ್ತಿರ ನಿಂತಿದ್ದರಿಂದ ಉಳಿದರು. ತುಕ್ಕಿನ ಪದರದೊಳಗೆ ಪೆಟ್ರೋಲ್ ಕೂತಿರುತ್ತದೆ, ತಣ್ಣಗಿದ್ದಾಗ ಮೂಗಿಗೆ ಸಿಗುವುದಿಲ್ಲ, ಬಿಸಿ ತಾಗಿದರೆ ಆವಿಯಾಗಿ ಏಳುತ್ತದೆ ಎಂದು ಆಮೇಲೆ ಎಲ್ಲರೂ ವಿವರಿಸಿದರು. ಆಮೇಲೆ ವಿವರಿಸುವವರಿಗೆ ನಮ್ಮ ಊರಲ್ಲಿ ಯಾವಾಗ ಬರವಿತ್ತು? ಪೊಲೀಸರು ಪಂಚನಾಮೆಗೆ ಬಂದಾಗ ಭಾವ ಹೇಳಿದ್ದು ಇಷ್ಟೇ: "ನಾನು ಟಾಂಕಿ ಕೊಟ್ಟದ್ದು ಮಾತ್ರ. ಹೇಗೆ ಮಾಡುವುದು ಅವನ ಕೆಲಸ." ವೆಲ್ಡರನ ಅಜಾಗರೂಕತೆ ಎಂದು ಬರೆದುಕೊಂಡರು, ಮುಗಿಯಿತು. ನಾವೆಲ್ಲ ಅದನ್ನೇ ನಂಬಿದೆವು. ಶರಣಪ್ಪನ ಹೆಂಡತಿ ಮಾದೇವಿ ಹೆಣವನ್ನು ಊರಿಗೆ ಒಯ್ದಳು.

ಬೋಟಿಗೆ ಭಾವ ಮತ್ತೆ ಕಾಲಿಡಲಿಲ್ಲ. ಅಡುಗೆಮನೆಗೆ ಹೋಗುವುದು ಬಿಟ್ಟರು, ಪಾತ್ರೆ ಮೂಸುವುದನ್ನೂ ಬಿಟ್ಟರು. ಅಕ್ಕ ಅನ್ನ ಬಡಿಸಿದರೆ ತಟ್ಟೆಯನ್ನೇ ನೋಡುತ್ತ ಕೂರುತ್ತಿದ್ದರು. ಹೀಗೆ ವರ್ಷದ ಮೇಲಾಯಿತು. ಮಾದೇವಿ ಮಕ್ಕಳನ್ನು ಕಟ್ಟಿಕೊಂಡು ರಬಾಳೆಗೆ ಮರಳಿದ್ದಾಳೆ, ಅಣ್ಣನ ಜೊತೆ ಚಾಳಿನ ಒಂದು ಕೋಣೆಯಲ್ಲಿದ್ದಾಳೆ ಎಂದು ಯಾರೋ ಹೇಳಿದ ದಿನ ಭಾವ ನನ್ನನ್ನು ಕರೆಸಿದರು. ರಬಾಳೆಗೆ ಹೋಗುವ ಬಸ್ಸಿನಲ್ಲಿ ಪಕ್ಕಕ್ಕೆ ಕೂತು ಕಿಟಕಿಯ ಕಡೆ ಮುಖ ಮಾಡಿ ಹೇಳಿದರು:

"ಅವನು ಕೇಳಿದ್ದ ಮಾರಾಯಾ. 'ಅಣ್ಣಾರ, ಒಳಗ ಏನೂ ಇಲ್ಲಲ್ರಿ?' ಅಂತ ಎರಡು ಸಲ ಕೇಳಿದ. ನಾನು, 'ಎಂತ ವಾಸನೆಯೂ ಇಲ್ಲ, ನಾನೇ ಮೂಸಿದ್ದೇನೆ, ನೀನು ಕತ್ತರಿಸು' ಅಂದೆ. 'ನೀವು ಮೂಸೀರಂದ್ರ ಮುಗೀತ್ ಬಿಡ್ರಿ' ಅಂತ ನಕ್ಕ."

ಭಾವನ ಮೇಲೆ ಅಷ್ಟು ಸಿಟ್ಟು ನನಗೆ ಅದಕ್ಕೆ ಮೊದಲೂ ಬಂದಿರಲಿಲ್ಲ, ಆಮೇಲೂ ಬಂದಿಲ್ಲ.

ಮಾದೇವಿ ಗೋಣಿಚೀಲ ಹಾಸಿ "ಕುಂದರ್ರಿ" ಎಂದಳು. ಭಾವ ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದರು, ತಪ್ಪು ತನ್ನದು, ಅವನದಲ್ಲ ಎಂದರು. ಅವಳು ಕೂಗಾಡುತ್ತಾಳೆ, ಶಾಪ ಹಾಕುತ್ತಾಳೆ ಎಂದು ನಾನು ಬಾಗಿಲಿಗೆ ಆತು ಕಾದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಎಲ್ಲಾರೂ ಅವಂದೇ ತಪ್ಪಂದ್ರಲ್ರಿ" ಎಂದಳು. "ಹೆಣದ ಮುಂದ ಕುಂತು ನಾ ಅವಗ ಬೈದೀನ್ರಿ. ನಿನ್ನ ಸೊಕ್ಕಿಗೆ ಮಕ್ಕಳ್ನ ಬೀದಿಗೆ ಹಾಕಿ ಹೋದಿ ಅಂತ, ಮಣ್ಣು ಕೊಡೂ ತನಕ ಬೈದೀನಿ. ಮಂದಿ ಎಲ್ಲಾ ಕೇಳ್ಯಾರ. ಆ ಮಾತು ನಾ ಈಗ ಹ್ಯಾಂಗ ಹಿಂದಕ್ಕ ತಗೊಳ್ಳಲಿ, ಹೇಳ್ರಿ?"

ನೀವಾದರೂ ಏನು ಹೇಳುತ್ತಿದ್ದಿರಿ?

ಭಾವ ಈಗ ಠಾಣೆ ಶಹರದಲ್ಲಿ ಮಗನ ಫ್ಲ್ಯಾಟಿನಲ್ಲಿದ್ದಾರೆ. ಮರೆವು ಒಂದೊಂದನ್ನೇ ಒಯ್ಯುತ್ತಿದೆ. ಹೋಟೆಲು ಮಾರಿದ್ದು ನೆನಪಿಲ್ಲ, ರಬಾಳೆಯ ಆ ಚಾಳು ನೆನಪಿಲ್ಲ. ಪೊಲೀಸರಿಗೆ ಹೇಳಿದ ಮಾತು ಮಾತ್ರ ಗಟ್ಟಿಯಾಗಿ ಉಳಿದಿದೆ. "ಪಾಪದವನು, ಆದರೆ ಅಜಾಗರೂಕ. ನಾನು ಟಾಂಕಿ ಕೊಟ್ಟದ್ದು ಮಾತ್ರ" ಎಂದು ಬಂದವರಿಗೆಲ್ಲ ಹೇಳುತ್ತಾರೆ. ಸುಳ್ಳೆಂದು ಅವರಿಗೇ ಗೊತ್ತಿಲ್ಲ. ಒಮ್ಮೆ ತಡೆಯಲಾರದೆ, "ಅಲ್ಲ ಭಾವ, ಅವನು ಕೇಳಿದ್ದ" ಎಂದುಬಿಟ್ಟೆ. "ಹೌದಾ? ನಾನೆಂತ ಹೇಳಿದೆ?" ಎಂದರು. ಹೇಳಿದೆ. ಮೊದಲ ಸಲ ಕೇಳಿದವರಂತೆ ಗೋಡೆಗೆ ಹಣೆ ಒತ್ತಿ ಅತ್ತರು. ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, "ಅವರಿಗೆ ಪ್ರತಿ ಸಲವೂ ಇದು ಹೊಸತು ಮಾರಾಯಾ. ಒಂದೇ ಹೆಣವನ್ನು ಎಷ್ಟು ಸಲ ಹೊರಿಸ್ತೀ?" ಎಂದಳು. ಅಕ್ಕ ಹೇಳಿದ್ದು ಸರಿ. ಭಾವನೆದುರು ಮತ್ತೆ ನಾನು ಬಾಯಿ ಬಿಟ್ಟಿಲ್ಲ.

ನಿನ್ನೆ ಹೋಗಿದ್ದಾಗಲೂ ಅದೇ ಮಾತು. ಕಾಲೇಜಿಗೆ ಹೋಗುವ ಮೊಮ್ಮಗಳು ಅಜ್ಜನ ಕೈ ಸವರುತ್ತ ಹೂಂಗುಟ್ಟುತ್ತಿದ್ದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ನನ್ನನ್ನು ಆಟೋ ಹತ್ತಿಸಲು ಕೆಳಗೆ ಬಂದವಳು, "ಕಿತನಾ ಲಾಪರವಾಹ್ ಥಾ ನಾ ವೋ ವೆಲ್ಡರ್" ಎಂದಳು.

"ಅವನ ಹೆಸರು ಶರಣಪ್ಪ" ಎಂದೆ. "ಅಜಾಗರೂಕ ಅಲ್ಲ. ಅವನು ಅಜ್ಜನನ್ನು ಕೇಳಿಯೇ ಬೆಂಕಿ ತಾಗಿಸಿದ್ದು, ಎರಡು ಸಲ ಕೇಳಿ."

"ಫಿರ್ ಅಜ್ಜಾನೇ ಕ್ಯಾ ಬೋಲಾ?" ಅಜ್ಜ ಏನು ಹೇಳಿದರೆಂದು ಕೇಳಿದಳು.

ಹೇಳಿದೆ. ಆಟೋ ಗೇಟು ದಾಟುವಾಗ ತಿರುಗಿ ನೋಡಿದರೆ ಅವಳು ಇನ್ನೂ ಅಲ್ಲೇ ನಿಂತಿದ್ದಳು, ಮೇಲೆ ಹೋಗಿರಲಿಲ್ಲ.