ಮಾವನ ಎದುರು ಆಡದ ಮಾತು

ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಆಗ ನಾನು ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ ಸರ್ಕಾರಿ ಭೂವಿಜ್ಞಾನಿ. ಗೂಡಲೂರಿನ ಹತ್ತಿರದ ಗುಡ್ಡವೊಂದರಲ್ಲಿ ಕಲ್ಲು ಕ್ವಾರಿ ತೆರೆಯಲು ಒಂದು ಕಂಪನಿ ಅರ್ಜಿ ಹಾಕಿತ್ತು. ಪರವಾನಗಿಗೆ ಮೊದಲು ಸುತ್ತಲಿನ ಜನರ ಅಹವಾಲು ಕೇಳಬೇಕು. ಅವರು ಆಡಿದ್ದನ್ನು ಬರೆದಿಡುವ ಮಿನಿಟ್ಸ್ ಮೇಲೆಯೇ ಮುಂದಿನ ತೀರ್ಮಾನ. ಊರಿನವರು ನಮ್ಮ ಹಾಗೆಯೇ ತಲೆಮಾರುಗಳಿಂದ ಅಲ್ಲಿ ನೆಲೆಸಿದ, ಕನ್ನಡ ಮನೆಮಾತಿನ ಬೇಸಾಯಗಾರರು. "ನಿಮ್ಮ ಜನ, ನೀವೇ ಬರೆದುಕೊಳ್ಳಿ" ಎಂದು ಮೇಲಧಿಕಾರಿಗಳು ಆ ಕೆಲಸವನ್ನು ನನ್ನ ತಲೆಗೇ ಕಟ್ಟಿದರು. ನನಗೂ ಒಳಗೊಳಗೇ ಜಂಬ.

ಸಭೆ ಊರಿನ ಕಲ್ಯಾಣ ಮಂಟಪದಲ್ಲಿ ನಡೆಯಿತು. ಮುಂದಿನ ಸಾಲಿನಲ್ಲಿ ಹಿರಿಯರು, ಅವರ ಹಿಂದೆ ಉಳಿದ ಗಂಡಸರು. ಹೆಂಗಸರು ಊಟದ ಹಾಲ್‌ನ ಬಾಗಿಲಿನಾಚೆ. ಊರ ಹಿರಿಯ ಮುದ್ದುಗೌಡರು ಮೈಕ್ ಹಿಡಿದು, ಕ್ವಾರಿ ಬಂದರೆ ತಾರು ರಸ್ತೆ ಬರುತ್ತದೆ, ಮಳೆಗಾಲದಲ್ಲೂ ಆಂಬುಲೆನ್ಸ್ ಊರೊಳಗೆ ಬರುತ್ತದೆ, ನಮಗೆ ಒಪ್ಪಿಗೆ ಎಂದರು. ಬೇರೆ ಯಾರಾದರೂ ಮಾತಾಡುತ್ತೀರಾ ಎಂದು ಅಧ್ಯಕ್ಷತೆ ವಹಿಸಿದ್ದ ಹಿರಿಯ ಅಧಿಕಾರಿಣಿ ತಮಿಳಿನಲ್ಲಿ ಮೂರು ಸಲ ಕೇಳಿದರು. ಯಾರೂ ತುಟಿ ಬಿಚ್ಚಲಿಲ್ಲ. 'ಗ್ರಾಮಸ್ಥರೆಲ್ಲರ ಪರವಾಗಿ ಒಪ್ಪಿಗೆ. ಆಕ್ಷೇಪಣೆ ಇಲ್ಲ' ಎಂದು ಬರೆದು ಸಹಿ ಹಾಕಿದೆ. ಅಷ್ಟು ಸಲೀಸಾಗಿ ಮುಗಿದ ಸಭೆಯನ್ನು ನನ್ನ ಸರ್ವಿಸಿನಲ್ಲೇ ನೋಡಿರಲಿಲ್ಲ.

ಕೈ ತೊಳೆಯಲು ಹಿತ್ತಲ ನಲ್ಲಿಗೆ ಹೋದಾಗ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಕಾಯುತ್ತಿದ್ದಳು. ಲಿಂಗಮ್ಮ, ಮುದ್ದುಗೌಡರ ಸೊಸೆ. ಗಂಡ ಸತ್ತ ಮೇಲೆ ಮನೆಯ ದನಗಳನ್ನೆಲ್ಲ ಅವಳೇ ಗುಡ್ಡಕ್ಕೆ ಹೊಡೆಯುತ್ತಿದ್ದಳು.

"ಅಣ್ಣಾ, ದೊಣೆ ವಿಚಾರ ಬರಕೊಂಡ್ರಾ?"

ಬಂಡೆಯ ಕುಳಿಯಲ್ಲಿ ನಿಲ್ಲುವ ನೀರು ದೊಣೆ. ಬೇಸಿಗೆಯಲ್ಲಿ ಗುಡ್ಡದ ದನಗಳಿಗೆ ಅದೊಂದೇ ಆಸರೆ. ನನ್ನ ಸರ್ವೆ ನಕ್ಷೆಯಲ್ಲಿ ಆ ಜಾಗಕ್ಕೆ 'ಖಾಲಿ ಬಂಡೆ' ಎಂದಿತ್ತು.

"ಮೈಕ್ ಇತ್ತಲ್ಲಮ್ಮ, ನೀನು ಹೇಳಬಹುದಿತ್ತು."

"ಮಾವ ಮುಂದ್ಗಡೆ ಕುಂತವ್ರೆ. ನಾ ಎಂಗಣ್ಣ ಎದ್ ನಿಂತ್ಕಳ್ಲಿ? ಆ ಆಫೀಸರಮ್ಮನ್ಗೆ ನಮ್ ಪದ್ಧತಿ ಪಳಕ್ಕ ತಿಳೀದು. ನಿಮ್ಗೂ ತಿಳೀದಾ?"

ಕೆನ್ನೆಗೆ ಬಾರಿಸಿದ ಹಾಗಾಯಿತು. ಅಪ್ಪನ ಅಪ್ಪ ಇರುವ ತನಕ ಅವರ ಎದುರು ನಮ್ಮಮ್ಮ ಬಾಯಿ ತೆರೆದದ್ದನ್ನು ನಾನು ಕಂಡವನಲ್ಲ. ಬೇಡವೆನ್ನುವುದಿದ್ದರೂ ಬಾಗಿಲ ಹಿಂದಿನಿಂದ ಬೇರೆಯವರ ಕೈಲಿ ಹೇಳಿಸುತ್ತಿದ್ದಳು. ಇಷ್ಟೆಲ್ಲ ಗೊತ್ತಿದ್ದೂ 'ಎಲ್ಲರ ಪರವಾಗಿ' ಎಂದು ಗೀಚಿದ್ದೆ. ಥೂ, ನನ್ನ ಬುದ್ಧಿಗಿಷ್ಟು!

ಓಡಿದೆ. ಅಧಿಕಾರಿಣಿ ಆಗಲೇ ಕಾರಿನಲ್ಲಿ ಕೂತಿದ್ದರು.

"ಮೇಡಂ, ನಾನು ತಪ್ಪು ಬರೆದಿದ್ದೇನೆ. ಬಾಗಿಲಿನಾಚೆ ಕೂತ ಹೆಂಗಸರನ್ನು ನಾವು ಕೇಳಲೇ ಇಲ್ಲ."

ಅವರು ನನ್ನನ್ನು ಉರಿಗಣ್ಣಿನಿಂದ ನೋಡಿದರು. ಬೈದರೆ ಬೈಯಲಿ ಎಂದು ನಿಂತೆ. ಬೈಯಲಿಲ್ಲ, ಕಾರಿನಿಂದಿಳಿದರು. ಅಡುಗೆಮನೆಯ ಪಕ್ಕಕ್ಕೆ ಮೇಜು ಹಾಕಿಸಿ, ಗಂಡಸರು ಯಾರೂ ಇತ್ತ ಬರಬಾರದೆಂದು ಹೇಳಿ, ಸಭೆ ಮುಂದುವರಿಸಿದರು. ಹೆಂಗಸರು ಒಬ್ಬರ ಹಿಂದೊಬ್ಬರು ಬಂದರು. ದೊಣೆ, ದನದ ದಾರಿ, ಸಿಡಿಮದ್ದಿಗೆ ಬಿರುಕು ಬಿಡಬಹುದಾದ ಗೋಡೆಗಳು. ಅವರು ಕನ್ನಡದಲ್ಲಿ ಹೇಳಿದ್ದನ್ನು ನಾನು ಅಧಿಕಾರಿಣಿಗೆ ತಮಿಳಿನಲ್ಲಿ ಹೇಳುತ್ತ ಬರೆದುಕೊಂಡೆ. ಹತ್ತೊಂಬತ್ತು ಜನ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿದರು.

ಹೆಂಗಸರು ಹೊರಟ ಮೇಲೆ ಮುದ್ದುಗೌಡರು ಬಂದು ಮೇಜಿನ ಮುಂದೆ ನಿಂತರು.

"ನನ್ ಮಾತ್ನ ಎಂಗ್ ಬರ್ದಿದೀಯಪ್ಪ?"

"ಎಲ್ಲರ ಪರವಾಗಿ ಅಂತ ಬರೆದಿದ್ದೇನೆ, ಮಾಮ."

ಅವರು ಕಾಗದದ ಮೇಲೆ ಬೆರಳಿಟ್ಟರು.

"ಅಳ್ಸು. ರೋಡ್ ಬೇಕು ಅಂದವ್ನು ನಾನು. ನನ್ನೊಬ್ಬುಂದು ಅಂತ ಬರಿ."

ಗುಡ್ಡದ ಬಡಗಣ ಮೈಗೆ ಪರವಾನಗಿ ಸಿಕ್ಕಿತು. ಅದನ್ನು ಒಡೆದೂ ಆಯಿತು. ದೊಣೆಯಿರುವ ಮೈಯನ್ನು ಕೈಬಿಟ್ಟರು. ಇದನ್ನು ಕೇಳಿದವರು ನನ್ನ ಬೆನ್ನು ತಟ್ಟುತ್ತಾರೆ. ನನಗೆ ಸಂಕಟವಾಗುತ್ತದೆ. ಯಾರೂ ಮಾತಾಡಲಿಲ್ಲ ಎಂದ ಮಾತ್ರಕ್ಕೆ ಎಲ್ಲರಿಗೂ ಒಪ್ಪಿಗೆ ಎಂದಲ್ಲ. ಈ ಕೆಲಸ ನನಗೆ ಕಲಿಸಿದ್ದು ಅದು, ಕಲಿಸಿದ್ದು ತೀರಾ ತಡವಾಗಿ. ಅದಕ್ಕೂ ಮುಂಚೆ ಉತ್ತಮಪಾಳಯಂನಿಂದ ವೇದಸಂದೂರಿನವರೆಗೆ ಎಷ್ಟೋ ಸಭೆಗಳಲ್ಲಿ 'ಆಕ್ಷೇಪಣೆ ಇಲ್ಲ' ಎಂದು ಬರೆದಿದ್ದೆ. ಅಲ್ಲೆಲ್ಲ ಹೆಂಗಸರು ಎಲ್ಲಿ ಕೂತಿದ್ದರು ಎಂದು ಒಂದು ಸಲವೂ ತಿರುಗಿ ನೋಡಿರಲಿಲ್ಲ.