ಎಲ್ಲಾ ಒಳಗೇ ಅದರೀ

ಶ್ರಾವಣದ ಕೊನೆಯ ದಿನ, ಬೆಳಿಗ್ಗೆ ಏಳು ಗಂಟೆ. ತೆಲಂಗಾಣದ ತಾಂಡೂರಿನ ನಮ್ಮ ಪಡಸಾಲೆಯಲ್ಲಿ ನಾನು, ಕಾಲು ಮುರಿದುಕೊಂಡು ಕುರ್ಚಿ ಹಿಡಿದ ನನ್ನ ಹೆಂಡತಿ, ನಮಗೆ ಟಿವಿ ಮಾರಿದ ಅಂಗಡಿಯವನು ಇದ್ದೆವು.

ಇಲ್ಲಿಯ ಕೇಬಲ್‌ನಲ್ಲಿ ಬರುವುದು ತೆಲುಗು. ಬೀದರ ಕಡೆಯ ಮಠದ ಕನ್ನಡ ಪುರಾಣ ಇಂಟರ್ನೆಟ್‌ನಲ್ಲಿ ಮಾತ್ರ ಸಿಗುತ್ತದೆ. ಫೋನಿನ ಪರದೆ ಹೆಂಡತಿಯ ಕಣ್ಣಿಗೆ ಕಾಣದು. ತಿಂಗಳಿಡೀ ಟಿವಿಯಲ್ಲಿ ಪುರಾಣ ಕೇಳಿದ ಅವಳು, ಅಂದು ಎಂಟಕ್ಕೆ ಮಂಗಳವಾಗುವಾಗ ಮಠದವರ ಜೊತೆಗೇ ಆರತಿ ಎತ್ತಲು ಕಾದಿದ್ದಳು. ಹಚ್ಚಿದರೆ, ಪುರಾಣ ಬರುವ ಆ್ಯಪ್ ಇನ್ನು ಇದರಲ್ಲಿ ನಡೆಯುವುದಿಲ್ಲವೆಂದು ಟಿವಿ ಬರೆದು ತೋರಿಸಿತು. ಅದಕ್ಕೇ ಅಂಗಡಿಯವನನ್ನು ಕರೆಸಿದ್ದೆ.

ಟಿವಿ ಕೊಳ್ಳುವಾಗ, ಅದರ ಹಿಂದೆ ಸಿಕ್ಕಿಸಿ ಇಂಟರ್ನೆಟ್ ನೋಡುವ ಸ್ಟಿಕ್ಕನ್ನೂ ನಾನು ಬೇರೆಯಾಗಿ ಕೇಳಿದ್ದೆ. ಅವನು ಎಮ್ಮೆಯ ಬೆನ್ನು ತಟ್ಟಿದಂತೆ ಟಿವಿಯನ್ನು ತಟ್ಟಿ, "ಎಲ್ಲಾ ಒಳಗೇ ಅದರೀ ಕಾಕಾ, ಇದಕ್ಕ ಬಾಲ ಯಾಕ್ರಿ?" ಎಂದು ನಕ್ಕಿದ್ದ. ಈಗಲೂ ತಟ್ಟಿದ.

"ಸಾಫ್ಟ್‌ವೇರ್ ಹಳೇದಾತ್ರಿ. ಹೊಸಾ ಟಿವಿ ತೊಗೋರಿ. ಅದರಾಗ ಎಲ್ಲಾ ಒಳಗೇ ಅದರೀ."

"ನಿಮ್ಮ ಮನ್ಯಾಗ ಯಾವ್ದದಪಾ?" ಹೆಂಡತಿ ಕೇಳಿದಳು.

"ನಮ್ದು ಇದಕ್ಕಿಂತ ಹಳೇ ಟಿವಿರಿ ಅವ್ವಾ. ಹಿಂದ ಸ್ಟಿಕ್ ಹಚ್ಚೀನಿ. ಕೆಟ್ರ ಅದೊಂದೇ ಬದ್ಲಿ ಮಾಡೂದು."

ಮುಚ್ಚುಮರೆ ಇಲ್ಲದೆ ಹಾಗೆ ಹೇಳಿ, ಚಹಾ ಮುಗಿಸಿ, ಕಪ್ಪನ್ನು ತಾನೇ ತೊಳೆದಿಟ್ಟು ಹೋದ.

ಅವನ ಅಂಗಡಿಯಲ್ಲಿ ಸ್ಟಿಕ್ ಇರಲಿಲ್ಲ; ಅದನ್ನು ಮಾರುವ ಇನ್ನೊಂದು ಅಂಗಡಿ ತೆರೆದದ್ದು ಹತ್ತಕ್ಕೆ. ತಂದು ಹಚ್ಚಿದೆ. ಮುಗಿದುಹೋದ ಮಂಗಳದ ವಿಡಿಯೊ ಸಿಕ್ಕಿತು. ಆರತಿ ತಟ್ಟೆಯನ್ನು ಅವಳ ಮುಂದೆ ಹಿಡಿದೆ.

"ಅಲ್ಲಿ ದೀಪ ಇಳಿಸಿ ಮಂದಿ ಊಟಕ್ಕ ಕುಂತಾರ. ಈಗ ಯಾರಿಗ್ರಿ ಆರತಿ?" ಎಂದಳು.

ಬತ್ತಿ ತೆಗೆದು, ತಟ್ಟೆ ಒರೆಸಿ ಒಳಗಿಟ್ಟೆ.